ಊರಲ್ಲಿರೋ ಅಮ್ಮನ ಮನೆಗೆ ಸೆನ್ಸರ್ ಹಾಕೋದು ಹೇಗೆ? ಕ್ಯಾಮೆರಾ ಬೇಡ, ಜೀರೋ ಬಲ್ಬಿಂದ ಶುರು ಮಾಡಿ

ನಮ್ಮೂರು ಸಾಗರದ ಹತ್ರ ಒಂದು ಹಳ್ಳಿ. ಅಪ್ಪ ತೀರಿಕೊಂಡ ಮೇಲೆ ಅಮ್ಮ ಒಬ್ಬಳೇ ಇದಾಳೆ, ನಾನು ಬೆಂಗಳೂರಲ್ಲಿ. ರಾತ್ರಿ ಎದ್ದು ಬಚ್ಚಲುಮನೆಗೆ ಹೋಗುವಾಗ ಎಲ್ಲಾದ್ರೂ ಕಾಲು ಜಾರಿದ್ರೆ ಅನ್ನೋ ಯೋಚನೆ ಬಂತು ಅಂದ್ರೆ ನಿದ್ದೆ ಬರಲ್ಲ. ಎಲ್ಲರೂ ಹೇಳೋದು ಒಂದೇ, ಕ್ಯಾಮೆರಾ ಹಾಕಿಸಿಬಿಡು ಅಂತ. ನಂಗೆ ಅದು ಒಪ್ಪಿಗೆ ಇಲ್ಲ. ತನ್ನ ಮನೇಲಿ ತಲೆ ಬಿಚ್ಚಿಕೊಂಡು ಆರಾಮಾಗಿ ಓಡಾಡೋ ಹೆಂಗಸಿಗೆ ಮಗ ಆದ್ರೂ ಸರಿ, ಯಾರೋ ನೋಡ್ತಾ ಇದಾರೆ ಅನ್ನಿಸ್ಬಾರ್ದು. ಮನೆ ಅವಳನ್ನ ನೋಡೋದು ಬೇಡ, ದಿನಾ ಆಗೋದು ಇವತ್ತು ಆಗ್ಲಿಲ್ಲ ಅನ್ನೋದು ಗೊತ್ತಾದ್ರೆ ಸಾಕು.

ಈ ಆಲೋಚನೆ ಹೊಸದೇನಲ್ಲ. ಅಮೆರಿಕದ ಜೆರಾಕ್ಸ್ ಪಾರ್ಕ್ ಲ್ಯಾಬಲ್ಲಿದ್ದ ಮಾರ್ಕ್ ವೈಸರ್ ಅನ್ನೋರು 1988ರ ಹೊತ್ತಿಗೆ ಇದಕ್ಕೆ ಯುಬಿಕ್ವಿಟಸ್ ಕಂಪ್ಯೂಟಿಂಗ್ ಅಂತ ಹೆಸರಿಟ್ರು, 1991ರಲ್ಲಿ ಸೈಂಟಿಫಿಕ್ ಅಮೆರಿಕನ್ ಪತ್ರಿಕೆಗೆ ಬರೆದ್ರು. ಕಂಪ್ಯೂಟರು ಸುತ್ತಮುತ್ತ ಎಲ್ಲಾ ಕಡೆ ಇರ್ಬೇಕು, ಆದ್ರೆ ಇದೆ ಅಂತ ಯಾರಿಗೂ ಅನ್ನಿಸ್ಬಾರ್ದು ಅನ್ನೋದು ಅವರ ವಾದ. ಆಮೇಲೆ ಅಟ್ಲಾಂಟಾದ ಜಾರ್ಜಿಯಾ ಟೆಕ್‌ನವರು ಇದನ್ನೇ ಪರೀಕ್ಷೆ ಮಾಡೋಕೆ ಅವೇರ್ ಹೋಮ್ ಅಂತ ಮನೇನೇ ಕಟ್ಟಿದ್ರು. ಅವರದ್ದು ಒಂದು ಫೋಟೋ ಫ್ರೇಮ್ ಇತ್ತು, ದೂರದಲ್ಲಿರೋ ಅಜ್ಜಿಯ ಫೋಟೋ, ಸುತ್ತ ಚಿಟ್ಟೆಗಳು, ಅಜ್ಜಿ ಚೆನ್ನಾಗಿ ಓಡಾಡಿದ ದಿನ ಚಿಟ್ಟೆ ದೊಡ್ಡದು, ಇಲ್ಲದ ದಿನ ಚಿಕ್ಕದು. ವಿಡಿಯೋ ಇಲ್ಲ ಏನಿಲ್ಲ. ಅಷ್ಟೇ ಬೇಕಾಗಿರೋದು ಮಕ್ಕಳಿಗೆ. ನಾವು ಮಾಡ್ತಿರೋದೂ ಅದೇ, ಸಣ್ಣ ಪ್ರಮಾಣದಲ್ಲಿ.

ಮೊದಲು ಎರಡು ದಿನ ಸುಮ್ನೆ ನೋಡಿ

ಏನನ್ನೂ ಕೊಳ್ಳೋಕೆ ಮುಂಚೆ ಒಂದು ನೋಟ್‌ಬುಕ್ ಹಿಡ್ಕೊಂಡು ಮನೇಲಿ ಎರಡು ದಿನ ಇರಿ. ನಾನು ನೋಡಿದ್ದು ಹೀಗೆ: ಅಮ್ಮ ರಾತ್ರಿ ಎರಡು ಸಲ ಏಳ್ತಾಳೆ. ಮಂಚದಿಂದ ಕಾಲು ಇಳಿಸಿ, ಎಡಗೈಯಲ್ಲಿ ಗೋಡೆ ಸವರ್ಕೊಂಡು ಕತ್ತಲಲ್ಲೇ ಹೋಗ್ತಾಳೆ, ಯಾಕಂದ್ರೆ ಲೈಟಿನ ಸ್ವಿಚ್ಚು ಬಾಗಿಲಿನ ಆಚೆ ಕಡೆ ಇದೆ, ಹೊಸಿಲು ದಾಟಿದ ಮೇಲೇ ಸಿಗೋದು. ಆ ಹೊಸಿಲೇ ಅಪಾಯ. ಆ ಮನೇಲೇ ಬೆಳೆದ ನನ್ನ ಕಣ್ಣಿಗೆ ಅದು ಬಿದ್ದೇ ಇರ್ಲಿಲ್ಲ. ಬೆಳಿಗ್ಗೆ ಐದೂವರೆಗೆ ಏಳೋದು, ಆರರೊಳಗೆ ಅಡುಗೆಮನೆ. ಸ್ನಾನಕ್ಕೆ ಇಪ್ಪತ್ತು ನಿಮಿಷ, ಎಣ್ಣೆ ಸ್ನಾನದ ದಿನ ಮುಕ್ಕಾಲು ಗಂಟೆ. ಇದೆಲ್ಲ ಬರ್ಕೊಳ್ಳಿ, ಮುಂದೆ ರೂಲ್ಸ್ ಬರೆಯುವಾಗ ಬೇಕಾಗತ್ತೆ.

ಏನೇನು ತಗೋಬೇಕು

ನಾಲ್ಕು ಮೋಷನ್ ಸೆನ್ಸರ್, ಎರಡು ಬಾಗಿಲಿನ ಸೆನ್ಸರ್, ಎರಡು ಸ್ಮಾರ್ಟ್ ಪ್ಲಗ್, ಒಂದು ಜಿಗ್‌ಬೀ ಡಾಂಗಲ್ (ಜಿಗ್‌ಬೀ ಅಂದ್ರೆ ಕಡಿಮೆ ಕರೆಂಟಲ್ಲಿ ಸಾಧನಗಳು ವೈರಿಲ್ಲದೆ ಮಾತಾಡೋ ದಾರಿ, ಸೆನ್ಸರು ಪ್ಲಗ್ಗು ಎಲ್ಲಾ ಇದರದ್ದೇ ಇರ್ಲಿ; ಡಾಂಗಲ್ ಅಂದ್ರೆ ಅವುಗಳ ಸಿಗ್ನಲ್ ಹಿಡಿಯೋ ಯುಎಸ್‌ಬಿ ಕಡ್ಡಿ), ಎಲ್ಲಾ ನಡೆಸೋಕೆ ಒಂದು ರಾಸ್‌ಬೆರಿ ಪೈ ಅನ್ನೋ ಅಂಗೈಯಗಲದ ಕಂಪ್ಯೂಟರು (ಮುಂದೆ ಹಬ್ಬು ಅನ್ನೋದು ಇದಕ್ಕೇ), ಅದರಲ್ಲಿ ಹೋಮ್ ಅಸಿಸ್ಟೆಂಟ್ ಅನ್ನೋ ಪುಕ್ಕಟೆ ಸಾಫ್ಟ್‌ವೇರ್. 2013ರಿಂದ ಬೆಳೀತಾ ಬಂದಿರೋ ಓಪನ್ ಸೋರ್ಸ್ ಅದು, ಮನೆಯೊಳಗೇ ನಡೆಯತ್ತೆ, ಅಮ್ಮ ಎಷ್ಟು ಹೊತ್ತಿಗೆ ಎದ್ಲು ಅನ್ನೋ ಲೆಕ್ಕ ಬೇರೆ ದೇಶದ ಸರ್ವರಿಗೆ ಹೋಗಲ್ಲ.

ವೈಫೈ ಸೆನ್ಸರ್ ಯಾಕೆ ಬೇಡ ಅಂದ್ರೆ ವೈಫೈಗೆ ಕರೆಂಟು ಜಾಸ್ತಿ ಬೇಕು, ಬ್ಯಾಟರಿ ಬೇಗ ಖಾಲಿ. ಜಿಗ್‌ಬೀ ಸೆನ್ಸರು ಒಂದು ಬಟನ್ ಸೆಲ್ಲಲ್ಲಿ ವರ್ಷಗಟ್ಟಲೆ ನಡೆಯತ್ತೆ. ಆದ್ರೆ ಹಳೇ ಮನೆಯ ದಪ್ಪ ಮಣ್ಣಿನ ಗೋಡೆ ಸಿಗ್ನಲ್ಲನ್ನ ತಿಂದುಹಾಕತ್ತೆ. ಬ್ಯಾಟರಿ ಸೆನ್ಸರು ಇನ್ನೊಂದರ ಸಿಗ್ನಲ್ಲನ್ನ ಮುಂದಕ್ಕೆ ದಾಟಿಸಲ್ಲ, ಪ್ಲಗ್ಗಿಗೆ ಹಾಕಿದ ಸಾಧನ ಮಾತ್ರ ದಾಟಿಸತ್ತೆ. ಅದಕ್ಕೇ ಸ್ಮಾರ್ಟ್ ಪ್ಲಗ್ಗನ್ನ ಹಬ್ಬಿಗೂ ಬಚ್ಚಲುಮನೆಗೂ ಮಧ್ಯ ಬರೋ ಹಾಗೆ ಹಾಕಿ. ಡಾಂಗಲ್ಲನ್ನ ನೇರ ಪೈಗೆ ಚುಚ್ಚಬೇಡಿ, ಒಂದು ಮೀಟರ್ ಯುಎಸ್‌ಬಿ ವೈರ್ ಹಾಕಿ ದೂರ ಇಡಿ, ಪೈಯ ಯುಎಸ್‌ಬಿ 3 ಪೋರ್ಟೇ ಜಿಗ್‌ಬೀಗೆ ತೊಂದ್ರೆ ಕೊಡತ್ತೆ.

ಇನ್ನೊಂದು, ಸ್ಮಾರ್ಟ್ ಬಲ್ಬ್ ತರಬೇಡಿ. ಯಾರೋ ಗೋಡೆ ಸ್ವಿಚ್ ಆಫ್ ಮಾಡಿದ್ರೆ ಅದು ಸತ್ತ ಹಾಗೆ. ಸ್ಮಾರ್ಟ್ ಪ್ಲಗ್ಗಿಗೆ ಮಾಮೂಲಿ ಜೀರೋ ಬಲ್ಬ್ ಸಿಕ್ಕಿಸಿ, ಹಳದಿ ಬೆಳಕಿಂದು. ಮನೇಲಿರೋ ಒಂದು ಸ್ವಿಚ್ಚನ್ನೂ ಮುಟ್ಟೋದು ಬೇಡ. ಅಮ್ಮ ಹೊಸದಾಗಿ ಏನೂ ಕಲೀಬಾರ್ದು, ಕಲಿಯೋದೆಲ್ಲ ಮನೇನೇ ಕಲೀಲಿ.

ಎಲ್ಲಿ ಅಂಟಿಸೋದು

ಅರ್ಧ ಕೆಲಸ ಇರೋದೇ ಇಲ್ಲಿ. ಮೋಷನ್ ಸೆನ್ಸರಿಗೆ ಕಾಣೋದು ಮನುಷ್ಯ ಅಲ್ಲ, ಮೈ ಬಿಸಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಯೋದು. ಹಾಗಾಗಿ ಅದರ ಎದುರಿಗೆ ನಡ್ಕೊಂಡು ಬಂದ್ರೆ ತಡವಾಗಿ ಗೊತ್ತಾಗತ್ತೆ, ಅಡ್ಡ ಹಾದು ಹೋದ್ರೆ ತಕ್ಷಣ. ಹಂಡೆ ಒಲೆ, ಬಿಸಿಲು ಬೀಳೋ ಕಿಟಕಿ ಇವುಗಳ ಕಡೆ ಮುಖ ಮಾಡಿ ಇಡಬೇಡಿ. ರಾಯಚೂರು, ಕಲಬುರಗಿ ಕಡೆಯವರು ಗಮನಿಸಿ, ಬೇಸಿಗೇಲಿ ಕೋಣೆ ಬಿಸಿ ಮೈ ಬಿಸಿ ಹತ್ರ ಹತ್ರ ಬಂದಾಗ ಇದು ಮಂಕಾಗತ್ತೆ.

ಮಂಚದ ಹತ್ರ ಇರೋ ಸೆನ್ಸರನ್ನ ಮೇಲೆ ಹಾಕ್ಬೇಡಿ. ಮೇಲಿದ್ರೆ ನಿದ್ದೇಲಿ ಮಗ್ಗಲು ಬದಲಿಸಿದಾಗೆಲ್ಲ ಲೈಟ್ ಹತ್ತಿ ಎಚ್ಚರ ಆಗತ್ತೆ. ಮಂಚದ ಕೆಳಗೆ, ಕಾಲಿನ ಗಂಟಿನ ಎತ್ತರಕ್ಕೆ, ನೆಲದ ಕಡೆ ನೋಡೋ ಹಾಗೆ ಅಂಟಿಸಿ. ಪಾದ ನೆಲ ಮುಟ್ಟಿದಾಗ ಮಾತ್ರ ಹೊಸಿಲ ಹತ್ರ ಬೆಳಕಾಗತ್ತೆ. ಮೊದಲನೇ ರಾತ್ರಿ ನಾನು ಜಗಲಿ ಮೇಲೆ ಮಲಗಿದ್ದೆ, ಎರಡು ಗಂಟೆಗೆ ಆ ಹಳದಿ ಬೆಳಕು ನೆಲದ ಮೇಲೆ ಬಿತ್ತು, ಅಮ್ಮ ಒಂದು ಕ್ಷಣ ನಿಂತಳು, ಆಮೇಲೆ ಗೋಡೆ ಹಿಡೀದೇ ಹೊಸಿಲು ದಾಟಿದಳು. ಅವತ್ತೇ ನಂಗೆ ಖರ್ಚು ಮಾಡಿದ್ದು ಸಾರ್ಥಕ ಅನ್ನಿಸ್ತು.

ಸುಣ್ಣದ ಗೋಡೆಗೆ ಡಬಲ್ ಟೇಪ್ ಮಳೆಗಾಲದಲ್ಲಿ ನಿಲ್ಲಲ್ಲ, ಸಣ್ಣ ಸ್ಕ್ರೂ ಹಾಕಿ.

ರೂಲ್ಸ್ ಬರೆಯೋದು

ಬೆಳಕಿಂದು ಸುಲಭ: ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಸೆನ್ಸರ್ ಹೇಳಿದ್ರೆ ಜೀರೋ ಬಲ್ಬ್ ಆನ್, ಐದು ನಿಮಿಷ ಆದ್ಮೇಲೆ ಆಫ್. ಒಂದು ನಿಮಿಷಕ್ಕಿಂತ ಕಡಿಮೆ ಇಡಬೇಡಿ, ಬ್ಯಾಟರಿ ಉಳಿಸೋಕೆ ಈ ಸೆನ್ಸರುಗಳು ಒಂದ್ಸಲ ಹೇಳಿದ ಮೇಲೆ ಸ್ವಲ್ಪ ಹೊತ್ತು ಸುಮ್ನಿರ್ತಾವೆ.

ಬಚ್ಚಲುಮನೆ ಕಷ್ಟ, ಯಾಕಂದ್ರೆ ಅಲ್ಲಾಡದೇ ಕೂತವರು ಮೋಷನ್ ಸೆನ್ಸರಿಗೆ ಕಾಣಲ್ಲ, ಬಿದ್ದವರೂ ಕಾಣಲ್ಲ. ಅಲ್ಲಿ ಬಾಗಿಲಿನ ಸೆನ್ಸರನ್ನ ಜೊತೆ ಮಾಡಿ. ಬಾಗಿಲು ಹಾಕಿದ ಮೇಲೆ ಒಳಗೆ ಒಂದೇ ಒಂದ್ಸಲ ಓಡಾಟ ಕಂಡ್ರೂ ಸಾಕು, ಬಾಗಿಲು ಮತ್ತೆ ತೆಗೆಯೋವರೆಗೂ ಒಳಗೆ ಜನ ಇದಾರೆ ಅಂತಲೇ ಲೆಕ್ಕ. ಹಗಲಲ್ಲಿ ಒಂದು ಗಂಟೆ ಮೀರಿದ್ರೆ, ರಾತ್ರಿ ಇಪ್ಪತ್ತೈದು ನಿಮಿಷ ಮೀರಿದ್ರೆ ನಂಗೆ ಮೆಸೇಜ್. ಎಣ್ಣೆ ಸ್ನಾನದ ಲೆಕ್ಕ ನೋಟ್‌ಬುಕ್ಕಲ್ಲಿ ಇಲ್ಲದಿದ್ರೆ ವಾರ ವಾರ ಸುಳ್ಳು ಮೆಸೇಜ್ ಬರ್ತಿತ್ತು. ಇದೇ ಲೆಕ್ಕವನ್ನ ತಿರುಗಿಸಿ ಮುಂಬಾಗಿಲಿಗೂ ಹಾಕಿದೀನಿ: ಬಾಗಿಲು ತೆಗೆದು ಹಾಕಿದ ಮೇಲೆ ಒಳಗೆ ಎಲ್ಲೂ ಓಡಾಟ ಇಲ್ಲ ಅಂದ್ರೆ ಅಮ್ಮ ತೋಟಕ್ಕೋ ಮದುವೆ ಮನೆಗೋ ಹೋಗಿದಾಳೆ, ಗಾಬರಿ ಬೇಡ.

ಮುಖ್ಯ ರೂಲ್ ಬೆಳಿಗ್ಗೇದು. ಏಳೂವರೆ ಆದ್ರೂ ಅಡುಗೆಮನೇಲಿ ಓಡಾಟ ಇಲ್ಲ, ಮುಂಬಾಗಿಲೂ ತೆಗೆದಿಲ್ಲ ಅಂದ್ರೆ ನಂಗೆ ಮೆಸೇಜ್. ನಾನು ಅಮ್ಮನಿಗೆ ಫೋನ್ ಮಾಡ್ತೀನಿ, ಎತ್ತದಿದ್ರೆ ಪಕ್ಕದ ಮನೆ ಚಿಕ್ಕಮ್ಮನಿಗೆ, ಅವರ ಹತ್ರ ಒಂದು ಕೀ ಇದೆ. ಸೈರನ್ ಗೀರನ್ ಬೇಡ. ಕೊನೆಗೆ ಹೋಗಿ ಬಾಗಿಲು ತೆಗೆಯೋರು ಮನುಷ್ಯರೇ, ಸೆನ್ಸರ್ ಹಾಕೋ ಮುಂಚೆ ಅವರನ್ನ ಕೇಳಿ ಒಪ್ಪಿಸಿ.

ಕರೆಂಟು, ನೆಟ್ಟು

ಹೋದ ಮಳೆಗಾಲದಲ್ಲಿ ಎರಡು ದಿನ ನೆಟ್ ಹೋಗಿತ್ತು. ಮೆಸೇಜ್ ಏನೂ ಬರ್ಲಿಲ್ಲ, ಎಲ್ಲಾ ಚೆನ್ನಾಗಿದೆ ಅಂದ್ಕೊಂಡು ನಾನು ಆಫೀಸಲ್ಲಿ ಕೂತಿದ್ದೆ. ಅಮ್ಮನಿಗೆ ಜ್ವರ ಬಂದು ಮಲಗಿದ್ದಳು. ಅದಾದ್ಮೇಲೆ ನಾನು ಮಾಡಿದ ಮೊದಲ ಕೆಲಸ ಇದು: ಊರಿನ ಹಬ್ಬು ಹತ್ತು ನಿಮಿಷಕ್ಕೊಂದ್ಸಲ ಬೆಂಗಳೂರಿನ ನನ್ನ ಇನ್ನೊಂದು ಪೈಗೆ ಇದೀನಿ ಅಂತ ಹೇಳತ್ತೆ, ಅರ್ಧ ಗಂಟೆ ಹೇಳದಿದ್ರೆ ಬೆಂಗಳೂರಿಂದು ನನ್ನ ಫೋನಿಗೆ ತಿಳಿಸತ್ತೆ. ಇದಿಲ್ಲದೆ ಈ ಇಡೀ ವ್ಯವಸ್ಥೆಯನ್ನ ನಂಬಲೇಬೇಡಿ. ಪೈ, ಪ್ಲಗ್ಗು, ರೂಟರ್ ಮೂರೂ ಇನ್ವರ್ಟರ್ ಲೈನಲ್ಲಿರಲಿ. ನೆಟ್ ಹೋದ್ರೂ ಜೀರೋ ಬಲ್ಬ್ ಹತ್ತತ್ತೆ, ಅದು ಮನೆಯೊಳಗಿನ ಲೆಕ್ಕ. ಗುಡುಗು ಸಿಡಿಲು ಇದ್ದಾಗ ಪ್ಲಗ್ ಕೀಳೋ ಅಭ್ಯಾಸ ಮಲೆನಾಡಲ್ಲಿ ಎಲ್ಲರಿಗೂ ಇದೆ, ಅದನ್ನ ತಪ್ಪಿಸೋಕೆ ಹೋಗ್ಬೇಡಿ, ಆಗ ನಿಮಗೆ ಮೆಸೇಜ್ ಬರತ್ತೆ, ಒಂದು ಫೋನ್ ಮಾಡಿ ಅಷ್ಟೇ.

ಗ್ಯಾಸ್ ಅಲಾರಂ ಬೇರೇನೇ ಇಡಿ

ಎಲ್‌ಪಿಜಿ ಗಾಳಿಗಿಂತ ಭಾರ, ನೆಲದ ಮೇಲೆ ಹರಡತ್ತೆ, ಅದಕ್ಕೆ ಅಲಾರಂ ಸಿಲಿಂಡರ್ ಹತ್ರ ನೆಲದಿಂದ ಒಂದಡಿ ಒಳಗೆ ಇರ್ಬೇಕು. ಇದು ತಾನೇ ಜೋರಾಗಿ ಕೂಗೋದಾಗಿರಲಿ, ಆ್ಯಪ್ ನಂಬಬೇಡಿ. ಗ್ಯಾಸ್ ಲೀಕ್ ಆದ್ರೆ ಫ್ಯಾನ್ ತಾನಾಗೇ ಆನ್ ಆಗೋ ರೂಲ್ ಯಾವತ್ತೂ ಬರೀಬೇಡಿ, ಸ್ವಿಚ್ಚಿನ ಕಿಡಿಯೇ ಸಾಕು ಬೆಂಕಿಗೆ. ರೆಗ್ಯುಲೇಟರ್ ಬಂದ್ ಮಾಡೋದು, ಬಾಗಿಲು ಕಿಟಕಿ ತೆಗೆಯೋದು, ಹೊರಗೆ ಬಂದು ಗ್ಯಾಸ್ ಲೀಕ್ ಸಹಾಯವಾಣಿ 1906ಕ್ಕೆ ಫೋನ್ ಮಾಡೋದು, ಈ ಮೂರನ್ನ ದೊಡ್ಡಕ್ಷರದಲ್ಲಿ ಬರೆದು ಅಡುಗೆಮನೇಲಿ ಅಂಟಿಸಿ.

ಕೊನೇದಾಗಿ ಅಮ್ಮನ ಕೈಗೆ ಕೊಡೋದು

ಎಲ್ಲಾ ಮುಗಿದ ಮೇಲೆ ಅಮ್ಮನ ಜೊತೆ ಮನೆ ಸುತ್ತಿ, ಒಂದೊಂದು ಸೆನ್ಸರಿಗೂ ಏನು ಗೊತ್ತಾಗತ್ತೆ ಏನು ಗೊತ್ತಾಗಲ್ಲ ಅಂತ ಹೇಳಿ, ಮೆಸೇಜ್ ಯಾರ್ ಯಾರಿಗೆ ಹೋಗತ್ತೆ ಅಂತಾನೂ ಹೇಳಿ. ನಮ್ಮಮ್ಮ ಎಲ್ಲಾ ಕೇಳಿ, "ದೇವರ ಕೋಣೇಲಿ ಬೇಡ, ಅಲ್ಲಿ ನಾನೆಷ್ಟು ಹೊತ್ತು ಕೂರ್ತೀನಿ ಅಂತ ನಿಂಗ್ಯಾಕೆ" ಅಂದಳು. ತೆಗೆದೆ. ಅವತ್ತಿಂದ ಮನೇಲಿ ಮೂರು ಮೋಷನ್ ಸೆನ್ಸರ್ರೇ ಇರೋದು, ಅಷ್ಟರಲ್ಲೇ ನಡೀತಿದೆ. ಹಬ್ಬಿನ ಪ್ಲಗ್ಗಿಗೆ ಕೆಂಪು ಟೇಪ್ ಸುತ್ತಿ ಕೊಟ್ಟಿದೀನಿ. ಅದನ್ನ ಕಿತ್ರೆ ಎಲ್ಲಾ ನಿಲ್ಲತ್ತೆ, ಗೋಡೆ ಸ್ವಿಚ್ಚುಗಳು ಮಾತ್ರ ಮೊದಲಿನ ಹಾಗೇ ಕೆಲಸ ಮಾಡ್ತಾವೆ.