ಸಿಗದ ಬ್ರೀದರ್ ಹೋಸ್‌ಗೆ ಮಲ್ಪೆಯಲ್ಲಿ ಸಿಕ್ಕ ದಾರಿ

ನಮ್ಮ ಹಳೆಯ ಪೆಟ್ರೋಲ್ ಕಾರಿನ ಐಡ್ಲಿಂಗ್ (ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡುವುದು) ಏರುಪೇರಾಗುತ್ತಿತ್ತು. ಬಾನೆಟ್ ತೆರೆದರೆ ಆಯಿಲ್ ವಾಸನೆ. ಎಂಜಿನ್ ಮೇಲಿನ ಮುಚ್ಚಳವಾದ ಟ್ಯಾಪೆಟ್ ಕವರ್‌ನಿಂದ, ಎಂಜಿನ್‌ಗೆ ಗಾಳಿ ಒಯ್ಯುವ ಇನ್‌ಟೇಕ್ ಮ್ಯಾನಿಫೋಲ್ಡ್‌ಗೆ ಹೋಗುವ ಬ್ರೀದರ್ ಹೋಸ್ ತಿರುವಿನ ಅಡಿಭಾಗದಲ್ಲಿ ಸೀಳಿತ್ತು. ಪಿಸ್ಟನ್ ರಿಂಗ್ ದಾಟಿ ಕೆಳಗಿಳಿಯುವ ಗ್ಯಾಸನ್ನು ಮತ್ತೆ ಎಂಜಿನ್‌ಗೇ ಕಳಿಸುವುದು ಇದರ ಕೆಲಸ. ಸೀಳಿದರೆ ಹೊರಗಿನ ಗಾಳಿ ನುಗ್ಗಿ ಪೆಟ್ರೋಲ್-ಗಾಳಿಯ ಹದ ಕೆಡುತ್ತದೆ.

ಉಡುಪಿಯಲ್ಲಿ ಎಲ್ಲಿ ಕೇಳಿದರೂ ಆ ಪಾರ್ಟ್ ಈಗ ಬರುವುದಿಲ್ಲ ಎಂದರು. ರೇಡಿಯೇಟರ್ ಹೋಸ್ ತುಂಡು ಹಾಕಿ ಎಂದೂ ಒಬ್ಬರು ಹೇಳಿದರು. ಅದು ಖಂಡಿತ ಬೇಡ. ನೀರಿನ ಹೋಸಿನ ರಬ್ಬರ್ ಆಯಿಲ್ ತಾಗಿದರೆ ಉಬ್ಬಿ ಮೆತ್ತಗಾಗುತ್ತದೆ. ಇಲ್ಲಿಗೆ ಬೇಕಾದ್ದು ಆಯಿಲ್ ತಡೆಯುವ ನೈಟ್ರೈಲ್ ರಬ್ಬರ್. ಮಲ್ಪೆಯಲ್ಲಿ ಬೋಟ್ ಎಂಜಿನ್ ಸಾಮಾನು ಮಾರುವ ಅಂಗಡಿಯಲ್ಲಿ ಹಳೆಯ ತುಂಡು ತೋರಿಸಿದೆ. "ಹೊರಗಿನ ಅಳತೆ ಬೇಡ ಮಾರಾಯ್ರೆ, ಒಳಗಿನದ್ದು ನೋಡುವ" ಎಂದು ಅಂಗಡಿಯವರು ವರ್ನಿಯರ್ ಹಿಡಿದರು. ನೂಲಿನ ಪದರ ಇರುವ ಹೋಸನ್ನೇ ಕೊಟ್ಟರು. ತೆಳು ಪೈಪ್ ಎಂಜಿನ್ ಎಳೆತಕ್ಕೆ ಚಪ್ಪಟೆಯಾಗುತ್ತದೆ, ಅಲ್ವಾ?

ನೇರ ಹೋಸ್ ಸಣ್ಣ ತಿರುವಿನಲ್ಲಿ ಮಡಚಿಕೊಳ್ಳುತ್ತದೆ. ಅದಕ್ಕೆ ಸ್ವಲ್ಪ ಉದ್ದ ಜಾಸ್ತಿ ಇಟ್ಟು, ದೊಡ್ಡ ಸುತ್ತಿನಲ್ಲಿ, ಎಕ್ಸಾಸ್ಟ್‌ನಿಂದ ದೂರ ಒಯ್ದೆ. ಈ ಗ್ಯಾಸಿನ ಹರಿವನ್ನು ಹಿಡಿತದಲ್ಲಿಡುವ ಪಿಸಿವಿ ವಾಲ್ವ್ ಅಲ್ಲಾಡಿಸಿದಾಗ ಟಿಕ್ ಟಿಕ್ ಎಂದಿತು, ಅಂದರೆ ಒಳಗೆ ಸಿಕ್ಕಿಕೊಂಡಿಲ್ಲ. ಹಾಗಾಗಿ ತೊಳೆದು ಅದನ್ನೇ ಹಾಕಿದೆ. ಕ್ಲಿಪ್ ಮಾತ್ರ ಹೊಸದು. ಈಗ ಐಡ್ಲಿಂಗ್ ಸ್ಥಿರವಾಗಿದೆ, ವಾಸನೆಯೂ ಇಲ್ಲ.