ಬ್ರೊಮಿಲಿಯಾಡ್‌ಗೆ ನೀರು ಬುಡಕ್ಕಲ್ಲ, ಸುಳಿಗೆ

ನನ್ನ ಮೊದಲ ಬ್ರೊಮಿಲಿಯಾಡ್ ಸತ್ತಿದ್ದು ನನ್ನ ಅತಿ ಮುತುವರ್ಜಿಯಿಂದಲೇ. ಕೆಂಪು ಹೂಗೊಂಚಲಿನ ಗುಜ್ಮೇನಿಯಾ ಎಂಬ ಬಗೆ ಅದು. ಉಳಿದ ಗಿಡಗಳಿಗೆ ಹುಯ್ಯುವ ಹಾಗೆ ದಿನಾ ಬೆಳಿಗ್ಗೆ ಬುಡಕ್ಕೊಂದು ಚೊಂಬು ನೀರು ಹುಯ್ಯುತ್ತಿದ್ದೆ. ಎರಡು ತಿಂಗಳಾಗಿರಬೇಕು, ಧೂಳು ಒರೆಸೋಣ ಅಂತ ನಡುವಿನ ಎಲೆ ಹಿಡಿದೆ, ಇಡೀ ಸುಳಿ ಕೈಗೇ ಕಿತ್ತು ಬಂತು. ಮೂಸಿದರೆ ಕೊಳೆತ ನಾತ.

ಬ್ರೊಮಿಲಿಯಾಡ್ ಅನಾನಸ್ ಕುಟುಂಬದ ಗಿಡ. ಅನಾನಸ್ ನೆಲದಲ್ಲಿ ಬೆಳೆಯುತ್ತದೆ ನಿಜ, ಆದರೆ ಮನೆಯೊಳಗೆ ಇಡುವ ಇದರ ಬಂಧುಗಳಲ್ಲಿ ಹೆಚ್ಚಿನವು ಅಮೆರಿಕ ಖಂಡಗಳ ಉಷ್ಣವಲಯದ ಕಾಡಿನಲ್ಲಿ ಮರದ ಕೊಂಬೆ ಹಿಡಿದು ಕೂತಿರುವಂಥವು. ಬಂದಳಿಕೆಯ ಹಾಗೆ ಮರದ ರಸ ಹೀರುವುದಿಲ್ಲ. ಬೇರು ಇರುವುದು ಮುಖ್ಯವಾಗಿ ಕಚ್ಚಿಕೊಳ್ಳುವುದಕ್ಕೆ. ಎಲೆಗಳ ಬುಡ ಒತ್ತಿಕೊಂಡು ನಡುವೆ ಬಟ್ಟಲಿನಂತಾಗಿರುತ್ತದಲ್ಲ, ಮಳೆನೀರು ನಿಲ್ಲುವುದು ಅಲ್ಲಿ. ಎಲೆಯ ಮೇಲಿನ ಕಣ್ಣಿಗೆ ಕಾಣದಷ್ಟು ಸಣ್ಣ ಹುರುಪೆಗಳು ಅದನ್ನು ಹೀರಿಕೊಳ್ಳುತ್ತವೆ.

ಹಾಗಾಗಿ ಈಗ ನಾನು ಮಾಡುವುದಿಷ್ಟು. ಬಟ್ಟಲಲ್ಲಿ ಎರಡು ಮೂರು ಸೆಂ.ಮೀ. ನೀರು ನಿಲ್ಲಿಸುತ್ತೇನೆ. ವಾರಕ್ಕೊಮ್ಮೆ ಕುಂಡವನ್ನೇ ಬಗ್ಗಿಸಿ ಹಳೇ ನೀರು ಚೆಲ್ಲಿ ಹೊಸದು ಹಾಕುತ್ತೇನೆ. ಇದನ್ನು ತಪ್ಪಿಸಿದರೆ ಗಿಡಕ್ಕಿಂತ ಮೊದಲು ಸೊಳ್ಳೆಗೆ ಖುಷಿ. ಮಳೆನೀರು ಸಿಕ್ಕರೆ ಅದೇ ಉತ್ತಮ. ಗಡಸು ನೀರು ಎಲೆಯ ಮೇಲೆ ಬಿಳಿ ಕಲೆ ಉಳಿಸುತ್ತದೆ. ಕುಂಡದಲ್ಲಿ ಮಣ್ಣಿನ ಬದಲು ತುಂಬಿದ ಮಿಶ್ರಣ ಬೆರಳಿಟ್ಟಾಗ ಒಣಗಿದ್ದರೆ ಮಾತ್ರ ಸ್ವಲ್ಪ ತೇವ ಮಾಡಿದರಾಯಿತು. ತಾಮ್ರದ ಪಾತ್ರೆಯಲ್ಲಿಟ್ಟ ನೀರು ಬೇಡವೇ ಬೇಡ, ಮೈಲುತುತ್ತ, ಸುಣ್ಣ ಬೆರೆಸಿ ಮಾಡುವ ಶಿಲೀಂಧ್ರನಾಶಕ ಬೋರ್ಡೋ ದ್ರಾವಣವನ್ನಂತೂ ಹತ್ತಿರ ತರಬೇಡಿ. ತಾಮ್ರ ಈ ಗಿಡಕ್ಕೆ ವಿಷ.

ಇದೇ ಕುಟುಂಬದ, ಬಟ್ಟಲೇ ಇಲ್ಲದ ಟಿಲಾಂಡ್ಸಿಯಾ ಬೇರೆ ಲೆಕ್ಕ. ಅದನ್ನು ನೀರಲ್ಲಿ ಅದ್ದಿ, ತಲೆಕೆಳಗಾಗಿ ಒದರಿ, ಗಾಳಿಗೆ ಒಣಗಿಸಬೇಕು.

ಕುಂಡ 10–12 ಸೆಂ.ಮೀ. ಅಗಲವಿದ್ದರೆ ಸಾಕು. ಗಿಡ ದೊಡ್ಡದಾಗಿ ಕಾಣುತ್ತದೆಂದು ದೊಡ್ಡ ಕುಂಡಕ್ಕೆ ಹಾಕಿದರೆ ಮಿಶ್ರಣ ಒಣಗುವುದೇ ಇಲ್ಲ. ತೋಟದ ಮಣ್ಣು ಬಳಸಬೇಡಿ. ನಾನು ಎರಡು ಪಾಲು ಮರದ ತೊಗಟೆ ಚೂರು, ಒಂದು ಪಾಲು ಪರ್ಲೈಟ್ (ಹಗುರವಾದ ಬಿಳಿ ಖನಿಜದ ಹರಳು), ಒಂದು ಪಾಲು ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಬೆರೆಸುತ್ತೇನೆ. ಗೊಬ್ಬರ ತೀರಾ ತೆಳುವಾಗಿ, ಅಪರೂಪಕ್ಕೊಮ್ಮೆ.

ಬೆಳಕು ಚೆನ್ನಾಗಿರಬೇಕು, ಆದರೆ ಮಧ್ಯಾಹ್ನದ ಬಿಸಿಲು ನೇರ ಬಡಿಯಬಾರದು. ನನ್ನ ಬಳಿಯ ಇನ್ನೊಂದು ಬಗೆಯ ಬ್ರೊಮಿಲಿಯಾಡ್ ನಿಯೊರೆಗೇಲಿಯಾವನ್ನು ಮೂಲೆಯ ಮೇಜಿನ ಮೇಲಿಟ್ಟಿದ್ದಾಗ ಅದರ ಕೆಂಪು ಮಾಸಿ ಬರೀ ಹಸಿರಾಯಿತು. ಕಿಟಕಿ ಪಕ್ಕಕ್ಕೆ ತಂದ ಮೇಲೆ ಬಂದ ಹೊಸ ಎಲೆಗಳಲ್ಲಿ ಮತ್ತೆ ಬಣ್ಣ ಕಂಡಿತು.

ಹೂವಿನ ವಿಷಯಕ್ಕೆ ಬರೋಣ. ಬಾಳೆಯ ಹಾಗೆ ಇದೂ ಒಮ್ಮೆ ಹೂ ಬಿಟ್ಟು ಮುಗಿಸುವ ಗಿಡ. ಹೂಗೊಂಚಲು ತಿಂಗಳುಗಟ್ಟಲೆ ನಿಲ್ಲುತ್ತದೆ, ಆಮೇಲೆ ತಾಯಿಗಿಡ ನಿಧಾನಕ್ಕೆ ಸೊರಗುತ್ತದೆ. ಸತ್ತೇ ಹೋಯಿತೆಂದು ಎಷ್ಟೋ ಜನ ಎಸೆದುಬಿಡುತ್ತಾರೆ. ಸ್ವಲ್ಪ ತಾಳಿ, ಬುಡ ನೋಡಿ: ಮರಿಗಳು ಇಣುಕುತ್ತಿರುತ್ತವೆ. ಒಣಗಿದ ಹೂದಂಟನ್ನಷ್ಟೇ ಕತ್ತರಿಸಿ. ಮರಿ ತಾಯಿಯ ಅರ್ಧದಷ್ಟು ಎತ್ತರವಾಗುವ ತನಕ ಕೈ ಹಚ್ಚಬೇಡಿ. ಆಮೇಲೆ ಹರಿತವಾದ ಚಾಕುವಿನಿಂದ ತಾಯಿಗೆ ಆದಷ್ಟು ಹತ್ತಿರ ಕತ್ತರಿಸಿ ಬೇರ್ಪಡಿಸಿ, ಗಾಯ ಒಂದು ದಿನ ಒಣಗಲು ಬಿಟ್ಟು ನೆಡಿ. ಆಳಕ್ಕೆ ಹೂಳಬಾರದು. ಬೇರು ಹಿಡಿಯುವವರೆಗೆ ಅಲ್ಲಾಡದಂತೆ ನಾನು ಎರಡು ಕಡ್ಡಿ ಆನಿಸಿ ಕಟ್ಟುತ್ತೇನೆ.

ಮರಿ ಬಲಿತು ಹೂ ಬಿಡಲು ಒಂದರಿಂದ ಮೂರು ವರ್ಷ ಬೇಕು. ಬಲಿತರೂ ಸತಾಯಿಸಿದರೆ ಒಂದು ಉಪಾಯವಿದೆ. ಬಟ್ಟಲಿನ ನೀರು ಚೆಲ್ಲಿ, ಗಿಡದ ಜೊತೆ ಒಂದು ಮಾಗಿದ ಸೇಬು ಇಟ್ಟು, ಎರಡನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿ ವಾರ, ಹತ್ತು ದಿನ ನೆರಳಲ್ಲಿಡಿ. ಸೇಬಿನಿಂದ ಹೊಮ್ಮುವ ಎಥಿಲೀನ್ ಅನಿಲ ಹೂ ಬಿಡಲು ಪ್ರಚೋದಿಸುತ್ತದೆ. ಮೊಗ್ಗು ಕಾಣಲು ಮತ್ತೆ ಕೆಲವು ವಾರ ಕಾಯಬೇಕು. ನಾನು ಆತುರಕ್ಕೆ ಅಂಗೈಯಗಲದ ಮರಿಯ ಮೇಲೇ ಇದನ್ನು ಪ್ರಯೋಗಿಸಿದ್ದೆ. ಸೇಬು ಸುಕ್ಕುಗಟ್ಟಿತು, ಗಿಡ ಜಪ್ಪಯ್ಯ ಅನ್ನಲಿಲ್ಲ.