ಸಯಾಟಿಕಾಕ್ಕೆ ಸೊಂಟದ ಟ್ರಾಕ್ಷನ್: ಎಷ್ಟು ಎಳೆಯಬೇಕು, ಯಾವಾಗ ನಿಲ್ಲಿಸಬೇಕು

ಬೆನ್ನೆಲುಬಿನ ಮೂಳೆಗಳ ನಡುವಿನ ಮೆತ್ತೆ, ಅಂದರೆ ಡಿಸ್ಕ್, ಜಾರಿ ನರ ಒತ್ತಿಕೊಂಡು ಸೊಂಟದಿಂದ ಕಾಲಿಗೆ ಹರಿಯುವ ನೋವೇ ಸಯಾಟಿಕಾ. ಹೀಗಾದವರೆಲ್ಲರಿಗೂ ಟ್ರಾಕ್ಷನ್, ಅಂದರೆ ಬೆಲ್ಟ್ ಕಟ್ಟಿ ಸೊಂಟವನ್ನು ಎಳೆಯುವ ಚಿಕಿತ್ಸೆ, ಹಿಡಿಸುವುದಿಲ್ಲ. ಹಲವು ವೈದ್ಯಕೀಯ ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ 2013ರ ಕಾಕ್ರೇನ್ ವಿಮರ್ಶೆಯಲ್ಲಿ ಅದರ ಪ್ರಯೋಜನ ಅತ್ಯಲ್ಪವೆಂದೇ ಕಂಡಿತು. ಚಿಕಿತ್ಸೆಗಳ ಬಗ್ಗೆ ಸಲಹೆ ಕೊಡುವ ಬ್ರಿಟನ್ನಿನ ನೈಸ್ (NICE) ಸಂಸ್ಥೆಯ 2016ರ ಮಾರ್ಗಸೂಚಿ ಬೇಡವೆಂದೇ ಹೇಳುತ್ತದೆ. ಆದ್ದರಿಂದ ಇದನ್ನು ವ್ಯಾಯಾಮದ ಜೊತೆಗಿನ ನಾಲ್ಕಾರು ಸಲದ ಪರೀಕ್ಷೆ ಎಂದಷ್ಟೇ ಹಿಡಿಯಿರಿ. ಮಾಡುವುದಾದರೆ ಫಿಸಿಯೋ ಕಣ್ಣೆದುರೇ ಆಗಲಿ.

ಮೂಳೆ ಟೊಳ್ಳಾಗುವಿಕೆ (ಆಸ್ಟಿಯೋಪೊರೋಸಿಸ್), ಬೆನ್ನೆಲುಬಿನ ಮುರಿತ, ಗಡ್ಡೆ ಅಥವಾ ಸೋಂಕು, ಗರ್ಭ, ಹೊಟ್ಟೆಯ ಹರ್ನಿಯಾ, ಮಹಾಪಧಮನಿಯ (ಹೃದಯದಿಂದ ಹೊರಡುವ ದೊಡ್ಡ ರಕ್ತನಾಳದ) ಉಬ್ಬು, ಹತೋಟಿಗೆ ಬಾರದ ಬಿಪಿ ಇದ್ದರೆ ಎಳೆತ ಬೇಡ. ಮೂತ್ರ ಕಟ್ಟಿದರೆ, ಮಲಮೂತ್ರದ ಹಿಡಿತ ತಪ್ಪಿದರೆ, ತೊಡೆಸಂದಿನ ಸುತ್ತ ಸ್ಪರ್ಶ ಮಂಕಾದರೆ ಅಂದೇ ತುರ್ತು ಚಿಕಿತ್ಸೆಗೆ ಹೋಗಬೇಕು.

ಮಂಚದ ಕಾಲಬದಿಗೆ ಐದಾರು ಕಿಲೋ ತೂಗಿಬಿಡುವುದರಿಂದ ಕಶೇರುಗಳು (ಬೆನ್ನೆಲುಬಿನ ಮಣಿಗಳು) ಅಲುಗುವುದಿಲ್ಲ. ಸೊಂಟದ ಕೆಳಭಾಗ ಹಾಸಿಗೆಗೆ ಉಜ್ಜುವ ಘರ್ಷಣೆಯೇ ದೇಹತೂಕದ ಕಾಲುಭಾಗದಷ್ಟನ್ನು ನುಂಗುತ್ತದೆ. ಅದಕ್ಕೇ ನಡುವೆ ಬೇರ್ಪಡುವ ಟೇಬಲ್ ಬೇಕು.

ಎರಡು ಬೆಲ್ಟ್ ಕಟ್ಟುವಲ್ಲೇ ಹೆಚ್ಚಿನವರು ಎಡವುತ್ತಾರೆ. ಕೆಳಗಿನದು ಸೊಂಟದ ಮೂಳೆಯ ಅಂಚಿನ ತುಸು ಮೇಲಕ್ಕೆ ಬಂದು ಮೂಳೆಯನ್ನು ಕಚ್ಚಿ ಹಿಡಿಯಬೇಕು. ಮೇಲಿನದು ಕೆಳ ಪಕ್ಕೆಲುಬುಗಳ ಮೇಲೆ. ನುಣುಪು ಬಟ್ಟೆಯ ಮೇಲೆ ಕಟ್ಟಿದರೆ ಎರಡು ನಿಮಿಷದಲ್ಲಿ ಮೇಲಿನ ಬೆಲ್ಟ್ ಕಂಕುಳಿಗೆ ಏರಿ ತೋಳು ಜೋಮು ಹಿಡಿಯುತ್ತದೆ, ಎಳೆತವೆಲ್ಲ ಬೆಲ್ಟಿಗೇ ಹೋಗುತ್ತದೆ. ಮೈಗೆ ತಾಗುವಂತೆ ಕಟ್ಟುವುದೇ ಲೇಸು.

ಅಂಗಾತ ಮಲಗಿಸಿ, ಮೀನಖಂಡಗಳನ್ನು ಸ್ಟೂಲಿನ ಮೇಲಿಟ್ಟು ಮೊಣಕಾಲು ಮಡಿಸಿ. ಕಾಲು ಚಾಚಿದಾಗ ನೋವು ಕಡಿಮೆಯಾಗುವವರಿಗೆ ಬೋರಲು ಮಲಗುವುದು ಒಗ್ಗಬಹುದು. ಟೇಬಲ್ ಲಾಕ್ ಇರುವಾಗಲೇ ಹಗ್ಗದ ಸಡಿಲು ತೆಗೆದು, ಬಿಗಿ ಬಂದ ಮೇಲೆ ಲಾಕ್ ಬಿಚ್ಚಿ. ಮೊದಲೇ ಬಿಚ್ಚಿದರೆ ಸೊಂಟಕ್ಕೆ ಗಕ್ಕನೆ ಜಗ್ಗು ಬೀಳುತ್ತದೆ. ನಿಲ್ಲಿಸುವ ಗುಂಡಿ ರೋಗಿಯ ಕೈಯಲ್ಲಿರಲಿ.

ಮೊದಲ ದಿನ ದೇಹತೂಕದ ಶೇ. 25, ಅಂದರೆ 60 ಕಿಲೋದವರಿಗೆ 15 ಕಿಲೋ. 60 ಸೆಕೆಂಡ್ ಎಳೆತ, 20 ಸೆಕೆಂಡ್ ಸಡಿಲು. ಒಟ್ಟು ಐದರಿಂದ ಎಂಟು ನಿಮಿಷ ಸಾಕು. ಸಹಿಸಿದರೆ ಸಲಕ್ಕೆ ಎರಡು ಕಿಲೋ ಏರಿಸಬಹುದು, ಶೇ. 50ನ್ನು ಮೀರಬೇಡಿ. ಅವಧಿಯನ್ನು ಎಳೆಯಲು ಆಸೆಪಡಬೇಡಿ: ಎಳೆತದಲ್ಲಿ ಡಿಸ್ಕ್ ನೀರು ಹೀರಿಕೊಂಡು, ಬಿಟ್ಟಕೂಡಲೇ ಒಳಒತ್ತಡ ಏರುತ್ತದೆ ಎಂಬುದು ವಾಡಿಕೆಯ ವಿವರಣೆ. ಕಾರಣ ಏನೇ ಇರಲಿ, ಮಲಗಿದ್ದಾಗ ಹಾಯೆನಿಸಿ ಎದ್ದಾಗ ಚುಳ್ಳೆನ್ನುವವರಿದ್ದಾರೆ. ಬಲವನ್ನು ನಿಧಾನ ಇಳಿಸಿ, ಲಾಕ್ ಹಾಕಿ, ಐದು ನಿಮಿಷ ಹಾಗೇ ಬಿಟ್ಟು, ಮಗ್ಗುಲಾಗಿ ಹೊರಳಿಸಿ ಏಳಿಸಿ.

ನೋವಿನ ಜಾಗವನ್ನು ಕೇಳಿ. ಪಾದದ್ದು ತೊಡೆಗೆ, ತೊಡೆಯದ್ದು ಸೊಂಟಕ್ಕೆ ಸರಿದರೆ ಒಳ್ಳೆಯದು, ಸೊಂಟ ತುಸು ಹೆಚ್ಚು ನೊಂದರೂ ಸರಿಯೇ. ಪಾದದತ್ತ ಇಳಿದರೆ ಆ ದಿನ ಅಲ್ಲಿಗೇ ನಿಲ್ಲಿಸಿ. ಹೆಬ್ಬೆರಳು ಎತ್ತುವ, ತುದಿಗಾಲಲ್ಲಿ ನಿಲ್ಲುವ ಶಕ್ತಿಯನ್ನು ಪ್ರತಿ ಸಲವೂ ನೋಡಿ. ಕುಗ್ಗುತ್ತಿದ್ದರೆ ಟ್ರಾಕ್ಷನ್ ಬಿಟ್ಟು ಬೆನ್ನುಮೂಳೆ ತಜ್ಞರಿಗೆ ತೋರಿಸಿ.